ಮೇಲಕ್ಕೆ ಬಂದ ನೀರು

ಕುಟುಂಬಗಳಿಗೆ ಹೊಂದುವ ಕ್ಯಾಂಪಿಂಗ್ ಜಾಗ ಹುಡುಕಿಕೊಡುವ ಆಪ್ ಒಂದನ್ನು ಕಟ್ಟುತ್ತಿದ್ದ ಆ ಸಣ್ಣ ಆಫೀಸಿನಲ್ಲಿ ಒಂದು ವಿಚಿತ್ರ ಕಟ್ಟಳೆಯಿತ್ತು. ಆಪನ್ನು ಜನರ ಕೈಗೆ ಕೊಡುವ ಮೊದಲು ಅದನ್ನು ರೂಪಿಸಿದವರು ತಮ್ಮ ಮನೆಯವರನ್ನೇ ಬಲಿ ಕೊಡಬೇಕು. ಮುಂಚೆ ಫೋನು ಮಾಡಿ ವಿಚಾರಿಸುವಂತಿಲ್ಲ, ಫೋಟೋ ನೋಡುವಂತಿಲ್ಲ. ಆಪ್ ಮೊದಲು ಯಾವ ಜಾಗ ತೋರಿಸುತ್ತದೋ ಅಲ್ಲಿಗೇ ಸಂಸಾರ ಸಮೇತ ಹೋಗಿ, ಟೆಂಟು ಹಾಕಿ, ಮಲಗಿ ಎದ್ದು ಬರಬೇಕು. "ಮೊದಲು ನಮ್ಮನೆಯೋರು ಬೈಲಿ, ಊರೋರು ಬೈಯೋದು ಆಮೇಲೆ ಇದ್ದೇ ಇದೆ" ಎನ್ನುವುದು ಮ್ಯಾನೇಜರನ ವಾದ. ಅವನಿಗೆ ಮದುವೆಯಾಗಿರಲಿಲ್ಲ, ಹಾಗಾಗಿ ಹೇಳುವುದು ಸುಲಭ.

ಆಪಿನ ವಿನ್ಯಾಸ ಮಾಡಿದವಳಿಗೆ ಗಂಡನ ಬೈಗುಳ ಹೊಸದಲ್ಲ, ಏಳು ವರ್ಷದ ಮಗು ಎಲ್ಲಿ ಬೇಕಾದರೂ ಮಲಗುತ್ತದೆ. ಅವಳ ಚಿಂತೆಯೆಲ್ಲ ಅಮ್ಮನದು.

ಅಮ್ಮ ಈಜು ಕಲಿಸುವ ಟೀಚರಾಗಿದ್ದವಳು. ಊರಿನ ಅರ್ಧ ಮಕ್ಕಳು ಅವಳ ಕೈಕೆಳಗೆ ನೀರು ಕುಡಿದು, ಕೆಮ್ಮಿ, ಅತ್ತು, ಕೊನೆಗೆ ಮೀನಾದವರು. ಕೊರಳಲ್ಲಿ ಸೀಟಿ, ಕೊಳದ ಆಚೆ ದಡಕ್ಕೂ ಕೇಳುವ ಗಂಟಲು. ಹೋದ ವರ್ಷ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದವಳು ಕಿಟಕಿಯ ಪಕ್ಕ ಕೂತುಬಿಟ್ಟಳು. ಪಾರ್ಕಿಗೆ ಹೋಗೋಣವೆಂದರೆ ಬಿಸಿಲು, ನೆಂಟರ ಮನೆಗೆಂದರೆ ಮೆಟ್ಟಿಲು. ಸೀಟಿ ಅಟ್ಟ ಸೇರಿತು. ಗಂಟಲೂ ಎಲ್ಲೋ ಅಟ್ಟ ಸೇರಿತ್ತು, ನೀರು ಬೇಕಾದರೂ ಪಿಸುಗುಡುತ್ತಿದ್ದಳು. ಹೀಗೇ ಬಿಟ್ಟರೆ ಅಮ್ಮ ಆ ಕಿಟಕಿಯ ಪಕ್ಕದ ಒಂದು ಸಾಮಾನಾಗಿಬಿಡುತ್ತಾಳೆ ಎಂದು ಮಗಳಿಗೆ ಒಳಗೊಳಗೇ ದಿಗಿಲು.

ವಾರವಿಡೀ ಕಾಡಿದ ಮೇಲೆ ಅಮ್ಮ ಒಪ್ಪಿದಳು. ಒಪ್ಪಿದ ರೀತಿ ಮಾತ್ರ ಹೀಗಿತ್ತು: "ಒಂದೇ ಒಂದು ಸಲ ಬರ್ತೀನಿ. ನೀರಲ್ಲಿ ಕಾಲು ಬಿಟ್ಕೊಂಡು ಕೂರೋ ಹಾಗಿರಬೇಕು. ಆಗಲಿಲ್ಲ ಅಂದ್ರೆ ಇನ್ಯಾವತ್ತೂ ನನ್ನ ಹೊರಗೆ ಕರೀಬೇಡ."

ಮಗಳು ಆಪ್ ತೆರೆದು, ಬೇಕಾದ್ದನ್ನೆಲ್ಲ ಒತ್ತಿದಳು. ಗಾಲಿಕುರ್ಚಿ ಹೋಗುವ ದಾರಿ, ಹಿಡಿಕೆಯಿರುವ ಶೌಚಾಲಯ, ಹತ್ತಿರದಲ್ಲಿ ನೀರು. ಮೊದಲ ಜಾಗವೇ ಎಲ್ಲಕ್ಕೂ ಹೌದೆಂದಿತು. ನೀರಿಗೆ ಇನ್ನೂರು ಮೀಟರ್ ದೂರವೂ ಇಲ್ಲ. ತಾನು ಕಟ್ಟಿದ ಆಪಿನ ಮೇಲೆ ಅವಳಿಗೆ ಎಷ್ಟು ಪ್ರೀತಿ ಬಂತೆಂದರೆ ಫೋನಿಗೆ ಮುತ್ತು ಕೊಡುವುದೊಂದು ಬಾಕಿ.

ಸಂಜೆ ಹೊತ್ತಿಗೆ ತಲುಪಿದರು. ಶೌಚಾಲಯ ಚೊಕ್ಕಟವಾಗಿತ್ತು. ಗಾಲಿಕುರ್ಚಿಯ ದಾರಿ ನುಣ್ಣಗೆ ಹುಲ್ಲಿನ ನಡುವೆ ಸಾಗಿ, ಒಂದು ಕಬ್ಬಿಣದ ಕಟಕಟೆಯ ಹತ್ತಿರ ನಿಂತಿತು. ಅದರಾಚೆ ನೆಲವೇ ಇರಲಿಲ್ಲ. ಗೋಡೆಯಂಥ ಬಂಡೆ ಕೆಳಗಿಳಿದು, ಅದರ ಬುಡದಲ್ಲಿ, ಪಾತಾಳದಲ್ಲಿ, ಒಂದು ಕೆರೆ ಬೆಳ್ಳಗೆ ಹೊಳೆಯುತ್ತಿತ್ತು.

ತಪ್ಪು ಬೇರೆ ಯಾರದೂ ಅಲ್ಲ, ಮಗಳದೇ. ದೂರವನ್ನು ಅವಳು ನಕಾಶೆಯ ಮೇಲೆ, ಮೇಲಿನಿಂದ ನೋಡುತ್ತ, ಗೀಟೆಳೆದು ಅಳೆದಿದ್ದಳು. ನಕಾಶೆಯಲ್ಲಿ ಬಂಡೆಯೂ ಚಪ್ಪಟೆ, ಕೆರೆಯೂ ಚಪ್ಪಟೆ. "ಹಕ್ಕಿಗಳ ಸಂಸಾರಕ್ಕೆ ಹೇಳಿ ಮಾಡಿಸಿದ ಜಾಗ" ಎಂದ ಗಂಡ. ಹೆಂಡತಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡು ಟೆಂಟು ಬಿಚ್ಚಲು ಹೋದ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೆಳಗಿನ ನೀರನ್ನು ಸ್ವಲ್ಪ ಹೊತ್ತು ನೋಡಿ, ಚಳಿ ಎಂದಳು, ಒಳಗೆ ಕರೆದುಕೊಂಡು ಹೋಗು ಎಂದಳು. ಅಷ್ಟೇ.

ಬೆಳಗ್ಗೆ ಮೊಮ್ಮಗಳು ಎಲ್ಲರನ್ನೂ ಅಲುಗಾಡಿಸಿ ಎಬ್ಬಿಸಿದಳು. ಕೆರೆ ಕಾಣೆಯಾಗಿದೆಯಂತೆ. ಅಮ್ಮ ತಾನೂ ನೋಡಬೇಕೆಂದಾಗ ಮಗಳು ಬೇಡಬೇಡವೆನ್ನುತ್ತಲೇ ಕುರ್ಚಿಯನ್ನು ಕಟಕಟೆಯವರೆಗೆ ತಳ್ಳಿದಳು.

ಕೆರೆ ನಿಜವಾಗಿಯೂ ಇರಲಿಲ್ಲ. ಕಣಿವೆಯ ತುಂಬ ಮೋಡ, ಒಲೆಯ ಮೇಲಿಟ್ಟ ಹಾಲಿನ ಹಾಗೆ ಸದ್ದಿಲ್ಲದೆ ಮೇಲೇರುತ್ತಿತ್ತು. ಬಂಡೆಯ ಅಂಚಿಗೆ ಬಂತು, ಒಂದು ಗಳಿಗೆ ನಿಂತಿತು, ಆಮೇಲೆ ಉಕ್ಕಿ ಕಟಕಟೆಯ ಸಂದುಗಳಿಂದ ಈಚೆಗೆ ಹರಿಯಿತು. ಹುಲ್ಲು ಮುಳುಗಿತು, ಗಾಲಿಗಳು ಮುಳುಗಿದವು. ಇಷ್ಟು ದೊಡ್ಡದೊಂದು ಹೀಗೆ ಮೆತ್ತಗೆ, ಕರೆದವರ ಮನೆಗೆ ಬರುವ ಹಾಗೆ ಬರುವುದನ್ನು ಮಗಳು ಕಂಡಿರಲಿಲ್ಲ. ಕೈಮುಗಿಯಬೇಕೋ ಓಡಬೇಕೋ ತಿಳಿಯಲಿಲ್ಲ.

"ಕಾಲುಚೀಲ ತೆಗಿ" ಎಂದಳು ಅಮ್ಮ.

ಮಗಳು ಕೂತು ತೆಗೆದಳು. ಕಾಲಿಡುವ ಹಲಗೆಯನ್ನು ಮಡಚಿ, ಎರಡು ಪಾದಗಳನ್ನೂ ಒಂದೊಂದಾಗಿ ಹುಲ್ಲಿನ ಮೇಲಿಳಿಸಿದಳು. ಹುಲ್ಲು ತೊಯ್ದು ತೊಪ್ಪೆಯಾಗಿತ್ತು. ಮೋಡ ಮಂಡಿ ದಾಟಿ, ಸೊಂಟ ದಾಟಿ, ಅಮ್ಮನ ಎದೆಯವರೆಗೆ ಬಂದು ನಿಂತಿತು. ಹುಬ್ಬಿನಲ್ಲಿ, ರೆಪ್ಪೆಯಲ್ಲಿ, ಸ್ವೆಟರಿನ ಎಳೆಎಳೆಯಲ್ಲಿ ಹನಿಗಳು ಕಟ್ಟಿದವು. ಅಮ್ಮ ಕಣ್ಣು ಮುಚ್ಚಿಕೊಂಡಳು. ಅವಳ ಬಲಗೈ ತಾನಾಗಿ ಎದ್ದು, ಮುಂದೆ ಚಾಚಿ, ಮೋಡವನ್ನು ಬಾಚಿ ಹಿಂದಕ್ಕೆ ತಳ್ಳಿತು. ಮತ್ತೆ ಚಾಚಿತು, ಮತ್ತೆ ತಳ್ಳಿತು.

ಅಜ್ಜಿಯನ್ನು ನೋಡಿ ಮೊಮ್ಮಗಳೂ ಎರಡು ಕೈ ಬೀಸತೊಡಗಿದಳು. ಅಡ್ಡಾದಿಡ್ಡಿ, ನೊಣ ಓಡಿಸುವ ಹಾಗೆ. ಅಮ್ಮ ಕಣ್ಣು ಬಿಟ್ಟಳು.

"ಬೆರಳು ಕೂಡಿಸು! ಮುಖ ಒಳಗೆ, ಉಸಿರು ಬಿಡು. ಈಗ ಪಕ್ಕಕ್ಕೆ ತಿರುಗಿಸಿ ಎಳ್ಕೋ. ಕಾಲು ಯಾಕೆ ಸುಮ್ನೆ ಇದೆ?"

ಆ ದನಿ ಕಣಿವೆಯ ಆಚೆ ಬದಿಗೆ ಬಡಿದು ವಾಪಸು ಬಂತು. ಟೆಂಟಿನ ಹತ್ತಿರ ಹಲ್ಲುಜ್ಜುತ್ತಿದ್ದ ಅಳಿಯ ಬ್ರಷ್ ಬಾಯಲ್ಲಿಟ್ಟುಕೊಂಡೇ ನೆಟ್ಟಗಾದ. ಮಗಳು ಒದ್ದೆ ಹುಲ್ಲಿನ ಮೇಲೆ ಕೂತಲ್ಲೇ ಅತ್ತುಬಿಟ್ಟಳು. ಒಂದು ವರ್ಷದಿಂದ ಎಲ್ಲಿಗೋ ಹೋಗಿದ್ದ ಅಮ್ಮ, ಕೆರೆಯ ಜೊತೆ ಬಂಡೆ ಹತ್ತಿಕೊಂಡು ಬಂದಿದ್ದಳು.

ಬಿಸಿಲೇರುತ್ತಲೇ ಮೋಡ ಕರಗಿತು. ಕೆರೆ ಏನೂ ಅರಿಯದಂತೆ ಕೆಳಗೆ ಬಿದ್ದುಕೊಂಡಿತ್ತು.

ಸೋಮವಾರ ಅವಳು ಆಫೀಸಿನಲ್ಲಿ ತನ್ನ ತಪ್ಪನ್ನು ಹೇಳಿಕೊಂಡು, ನೀರಿನ ದೂರವನ್ನು ಗಾಲಿಕುರ್ಚಿ ಸಾಗುವ ದಾರಿಯಲ್ಲೇ ಅಳೆಯುವಂತೆ ತಿದ್ದಿದಳು. ತಿದ್ದಲೇಬೇಕಿತ್ತು. ಎಲ್ಲ ದಿನವೂ ಮೋಡ ಬರುವುದಿಲ್ಲ, ಬೇರೆಯವರ ಅಮ್ಮಂದಿರು ಬರೀ ಬಂಡೆ ನೋಡಿ ವಾಪಸಾಗಬಾರದು. ಆಮೇಲೆ ಅವೇ ಬೇಡಿಕೆಗಳನ್ನು ಮತ್ತೆ ಒತ್ತಿ ನೋಡಿದಳು. ಆ ಜಾಗ ಎಲ್ಲೂ ಇರಲಿಲ್ಲ. ಸರಿಯಾದ ಕೆಲಸವನ್ನೇ ಮಾಡಿದರೂ, ಏನನ್ನೋ ಕಳೆದುಕೊಂಡವಳ ಹಾಗೆ ಪರದೆಯನ್ನೇ ನೋಡುತ್ತ ಕೂತಳು.

ಸಂಜೆ ಮನೆಗೆ ಬಂದರೆ ಕಿಟಕಿಯ ಪಕ್ಕ ಯಾರೂ ಇಲ್ಲ. ಗಾಲಿಕುರ್ಚಿ ಬಾಗಿಲ ಬಳಿಯಿತ್ತು. ಅಳಿಯನನ್ನು ಅಟ್ಟ ಹತ್ತಿಸಿ ಹಳೇ ಚೀಲ ಇಳಿಸಿಕೊಂಡು, ಅಮ್ಮ ಕುರ್ಚಿಯಲ್ಲೇ ಕೂತು ಸೆರಗಿನ ತುದಿಯಿಂದ ಸೀಟಿಯ ಧೂಳು ಒರೆಸುತ್ತಿದ್ದಳು. ಆಪ್ ಏನಾಯಿತೆಂದು ಕೇಳಿದಳು. ದೂರ ಅಳೆಯುವುದನ್ನು ತಿದ್ದಿದೆ, ಇನ್ನು ಅಂಥ ಮೋಸ ಆಗುವುದಿಲ್ಲವೆಂದಳು ಮಗಳು.

"ಅಯ್ಯೋ, ಸರಿ ಮಾಡಿಬಿಟ್ಯಾ?" ಅಮ್ಮನ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಸೀಟಿಯನ್ನು ಕೊರಳಿಗೆ ಹಾಕಿಕೊಂಡಳು. "ಹೋಗಲಿ ಬಿಡು. ಇವತ್ತು ಯಾವ ಜಾಗ ತೋರಿಸ್ತಿದೆ, ನೋಡು."