ಟಪಾಲಿಗೆ ರಜ

ಅಮ್ಮ ಕೆಳಗೆ, ಅಮ್ಮನ ಒಡಹುಟ್ಟಿದ ಅಕ್ಕ ಮಹಡಿಯ ಮೇಲೆ. ಬಟ್ಟೆ ಒಣಹಾಕುವ ತಂತಿ ಯಾರದೆಂಬ ಮಾತಿಗೆ ಇಬ್ಬರೂ ಮುಖ ತಿರುಗಿಸಿಕೊಂಡು ವರ್ಷವಾಗಿತ್ತು. ನಡುವಿನ ಮೆಟ್ಟಿಲು ಸವೆಸುವ ಕೆಲಸ ಮಗಳದು. ಕೆಳಗಿನ ಮಾತು ಮೇಲೆ, ಮೇಲಿನದು ಕೆಳಗೆ. ದೊಡ್ಡಮ್ಮ ಅವಳನ್ನು ಟಪಾಲು ಅಂತಲೇ ಕರೆಯುತ್ತಿದ್ದರು.

ಕಾಲೇಜಿನಲ್ಲಿ ರಾಜಿ ಮಾಡಿಸುವ ಸ್ಪರ್ಧೆ ಎಂದಾಗ ಟಪಾಲು ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ದಿನಾ ಮಾಡುವ ಕೆಲಸ ತಾನೇ? ಇಲ್ಲಿ ಪಳಗಿದರೆ ಮನೆಯ ಜಗಳವನ್ನೂ ಮುಗಿಸಬಹುದು ಎಂಬ ಆಸೆ ಬೇರೆ.

ಸ್ಪರ್ಧೆಯಲ್ಲಿ ಇಬ್ಬರು ಹುಡುಗರು ಜಗಳವಾಡಿದ ಬೇಕರಿ ಪಾಲುದಾರರಂತೆ ನಟಿಸಬೇಕಿತ್ತು. ಬೋರ್ಡಿನ ಮೇಲೆ ತನ್ನ ಹೆಸರೂ ಇರಬೇಕೆಂದು ಒಬ್ಬನ ಹಟ. ಪಕ್ಕದ ಕೋಣೆಗೆ ಅವನೊಬ್ಬನನ್ನೇ ಕರೆದು ಕೇಳಿದಾಗ ದನಿ ತಗ್ಗಿಸಿದ.

"ಹೆಸರು ಹಾಳಾಗ್ಲಿ. ಅವನು ಒಂದ್ಸಲ ತಪ್ಪಾಯ್ತು ಅಂದ್ರೆ ಸಾಕು. ಇದು ನಿಮ್ಮಲ್ಲೇ ಇರ್ಲಿ."

ಟಪಾಲು ಹಿಗ್ಗುತ್ತಾ ಮೇಜಿಗೆ ಮರಳಿದಳು. "ಇವರಿಗೆ ಹೆಸರೇನೂ ಬೇಡ್ವಂತೆ! ತಪ್ಪಾಯ್ತು ಅಂದ್ಬಿಡಿ, ಮುಗೀತು."

ಇನ್ನೊಬ್ಬ ಕುರ್ಚಿಗೆ ಒರಗಿದ. "ಹೆಸರೇ ಬೇಡ್ವಾ? ಮತ್ತೆ ನಾನ್ಯಾಕೆ ತಪ್ಪಾಯ್ತು ಅನ್ಲಿ?"

ಮೊದಲಿನವನು ಅವಳಿಗೆ ಬೆನ್ನು ಹಾಕಿ ಕುರ್ಚಿ ತಿರುಗಿಸಿಕೊಂಡ. ಗಂಟೆ ಹೊಡೆಯಿತು.

ತೀರ್ಪುಗಾರರಾಗಿದ್ದ ವಕೀಲೆ ಕನ್ನಡಕ ತೆಗೆದರು. "ಚೆನ್ನಾಗಿ ಕೇಳಿಸ್ಕೊಳ್ತೀಯಮ್ಮ. ಆದ್ರೆ ಬಾಗಿಲು ಹಾಕ್ಕೊಂಡು ಹೇಳಿದ್ದನ್ನ ಅವನನ್ನ ಕೇಳ್ದೆ ಬೀದಿಗೆ ತಂದೆ. ಇನ್ನು ನಿನ್ನ ಹತ್ರ ಬಾಯಿ ಬಿಡ್ತಾನಾ?"

ಮೊದಲ ಸುತ್ತಿನಲ್ಲೇ ಹೊರಗೆ.

ದಾರಿಯುದ್ದಕ್ಕೂ ಅವಳಿಗೆ ಒಂದೇ ನೆನಪು. ಹೋದ ತಿಂಗಳು ದೊಡ್ಡಮ್ಮ ತಂಗಿಯನ್ನು ನೆನೆದು ಕಣ್ಣೀರು ಹಾಕಿದ್ದರು. ಅದನ್ನು ಬಂದು ಅಮ್ಮನಿಗೆ ಹೇಳಿದ್ದಳು. "ಅಳ್ಲಿ" ಎಂದಿದ್ದಳು ಅಮ್ಮ. ಅದನ್ನೂ ಮೇಲಕ್ಕೆ ಮುಟ್ಟಿಸಿದ್ದಳು. ಅಂದಿನಿಂದ ದೊಡ್ಡಮ್ಮ ಅವಳಿಗೂ ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತಿದ್ದರು.

ಅಮ್ಮ ತರಕಾರಿ ಹೆಚ್ಚುತ್ತಿದ್ದಳು. "ಗೆದ್ಯಾ?"

"ಸೋತೆ."

"ಹೋಗ್ಲಿ ಬಿಡು." ಮಹಡಿಯಿಂದ ಕೆಮ್ಮು ಕೇಳಿಸಿತು. ಅಮ್ಮನ ಚಾಕು ನಿಂತಿತು. "ನೆನ್ನೆಯಿಂದ ಹೀಗೇ ಕೆಮ್ತಿದಾಳೆ. ಆ ಹಾಳು ತಂತಿ ಅವಳೇ ಇಟ್ಕೊಳ್ಲಿ. ನಾನು ಹೀಗಂದೆ ಅಂತ ಒದರಿಬಿಟ್ಟೀಯಾ ಮತ್ತೆ."

ಟಪಾಲಿನ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಕೆಳಗಿಳಿಸಿದಳು.

"ಇಲ್ಲ, ಹೇಳಲ್ಲ. ಹೇಳ್ಬೇಕು ಅನ್ಸಿದ್ರೆ ನೀನೇ ಹೋಗಿ ಹೇಳಮ್ಮ."

"ನಾನಾ? ಸರಿಹೋಯ್ತು! ಟಪಾಲಿಗೆ ರಜವೋ ಇವತ್ತು?"

"ಹೂಂ, ರಜ."

ಮತ್ತೆ ಕೆಮ್ಮು. ಅಮ್ಮ ಎದ್ದು ನೀರು ಕಾಯಿಸಿ ಲೋಟಕ್ಕೆ ಬಗ್ಗಿಸಿದಳು. ಮಂಡಿನೋವೆಂದು ಗೊಣಗುತ್ತಾ ಒಂದೊಂದೇ ಮೆಟ್ಟಿಲು ಹತ್ತಿದಳು.

"ಅಕ್ಕಾ, ಬಾಗಿಲು ತೆಗಿ. ಕೈ ಸುಡ್ತಿದೆ."

ಮೇಲೆ ಚಿಲಕ ಸರಿದ ಸದ್ದಾಯಿತು. ಮುಂದಿನ ಮಾತು ಕೇಳಿಸದಿರಲೆಂದು ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಉಳಿದ ತರಕಾರಿ ಹೆಚ್ಚಲು ಕೂತಳು.