ನನ್ನ ಕಾಲ ಕೆಳಗಿನ ಬ್ರೇಕು

ಕಾರು ಕಲಿಸುವವನ ಬಲಗಾಲಿಗೆ ರಜೆ ಎಂಬುದಿಲ್ಲ. ಮನೆಯಲ್ಲಿ ನೀರಿನ ಲೋಟ ಮೇಜಿನ ಅಂಚಿಗೆ ಜಾರಿದರೆ ಬೇರೆಯವರು ಕೈ ಚಾಚುತ್ತಾರೆ, ನಾನು ಕಾಲು ಒತ್ತುತ್ತೇನೆ. ಲೋಟ ಬೀಳುತ್ತದೆ. ಆಮೇಲೆ ಲೋಟ ಇಟ್ಟವರ ಮೇಲೆ ಕಿರುಚುತ್ತೇನೆ.

ನಮ್ಮ ಕಾರುಗಳಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವನು ಒತ್ತಲಿ ಎಂದು ಅದನ್ನು ಕೂಡಿಸಿರುತ್ತಾರೆ. ನಾನೋ, ಎಡವಟ್ಟು ಆಗುವವರೆಗೆ ಕಾಯುವವರ ಪೈಕಿಯಲ್ಲ. ನನ್ನ ಹತ್ತಿರ ಕಲಿತವರಿಗೆ ಲೈಸೆನ್ಸ್ ಗ್ಯಾರಂಟಿ, ಕಿವಿಗೆ ಗ್ಯಾರಂಟಿ ಇಲ್ಲ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಅದನ್ನೂ ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಇಷ್ಟಕ್ಕೆಲ್ಲ ಕಡಿವಾಣ ಹಾಕಿದವರು ಇಬ್ಬರು. ಒಬ್ಬರು ಡಾಕ್ಟರು. ರಕ್ತದೊತ್ತಡ ನೋಡುವ ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚುತ್ತಾ, "ಮಾತ್ರೆ ಕೊಡ್ತೀನಿ. ಆದ್ರೆ ಸಿಟ್ಟಿಗೆ ಮಾತ್ರೆ ಇಲ್ಲ. ಲೈಬ್ರರಿ ಮಹಡಿ ಮೇಲೆ ಚಿತ್ರ ಬಿಡಿಸೋ ಕ್ಲಾಸ್ ಇದೆ, ಹೋಗಿ ಕೂತ್ಕೊಳ್ಳಿ. ಒಂದೇ ಆಕಾರ ಮತ್ತೆ ಮತ್ತೆ ಬರೀತಾರೆ. ಮನಸ್ಸು ತಣ್ಣಗಾಗುತ್ತೆ" ಎಂದರು.

ಇನ್ನೊಬ್ಬಳು ನನ್ನ ಹೆಂಡತಿ. ಅವಳು ನರ್ಸ್. ಊರಾಚೆಯ ಹೊಸ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಕೆಲಸ ಅವಳಿಗೆ ಸಿಕ್ಕಿತ್ತು. ಬೆಳಗಿನ ಪಾಳಿಯ ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ. ಕಾರು ಓಡಿಸಲು ಬಂದರೆ ಕೆಲಸ, ಇಲ್ಲದಿದ್ದರೆ ಅವಳ ನಂತರ ಸೇರಿದವಳಿಗೆ ಅದು. ಮದುವೆಯಾದ ಹೊಸದರಲ್ಲಿ ಒಮ್ಮೆ ನನ್ನಿಂದ ಕಲಿಯಲು ಕೂತು, ಮೊದಲ ತಿರುವಿನಲ್ಲೇ ಇಳಿದು ನಡೆದುಕೊಂಡು ಮನೆಗೆ ಹೋಗಿದ್ದಳು. ಈ ಸಲ ನೇರವಾಗಿ ಹೇಳಿದಳು:

"ರೀ, ಎದುರುಗಡೆ ಸ್ಕೂಲ್‌ಗೆ ಸೇರ್ತೀನಿ."

ಎದುರುಗಡೆಯದು ಎಂದರೆ ನನ್ನ ಸ್ಪರ್ಧಿಯದು. ಬೋರ್ಡಿನ ಮೇಲೆ 'ನಗುನಗುತ್ತಾ ಕಲಿಯಿರಿ' ಎಂದು ಬರೆಸಿಕೊಂಡಿರುವ ಪುಣ್ಯಾತ್ಮ. ನನ್ನ ಹೆಂಡತಿ ಅವನ ಕಾರಿನಲ್ಲಿ ನಗುನಗುತ್ತಾ ನನ್ನ ಬಾಗಿಲ ಮುಂದೆ ಹಾದುಹೋಗುವುದನ್ನು ನೆನೆದೇ ಅನ್ನ ಇಳಿಯಲಿಲ್ಲ. ಅತ್ತೂ ಕರೆದೂ ಒಪ್ಪಿಸಿದೆ. ಅವಳು ಷರತ್ತು ಹಾಕಿದಳು: "ಕಿರುಚೋ ಹಾಗಿಲ್ಲ. ಆ ಬ್ರೇಕ್ ಮುಟ್ಟೋ ಹಾಗಿಲ್ಲ. ಡಾಕ್ಟ್ರು ಹೇಳಿದ ಕ್ಲಾಸ್‌ಗೆ ಹೋಗ್ಬೇಕು."

ಹೋದೆ. ಅಂಗೈಯಗಲದ ದಪ್ಪ ಹಾಳೆ, ಒಂದು ಕಪ್ಪು ಪೆನ್ನು. ಹಾಳೆಯನ್ನು ತೆಳು ಗೆರೆಗಳಿಂದ ಭಾಗ ಮಾಡಿಕೊಂಡು, ಒಂದರಲ್ಲಿ ಮೀನಿನ ಹುರುಪೆ, ಒಂದರಲ್ಲಿ ಎಲೆ, ಒಂದರಲ್ಲಿ ಸುರುಳಿ, ತುಂಬುವವರೆಗೆ ಅದನ್ನೇ ಬರೆಯಬೇಕು. ಟೀಚರ್ ನನ್ನ ಮಗಳ ವಯಸ್ಸಿನ ಹುಡುಗಿ. "ಇಲ್ಲಿ ರಬ್ಬರ್ ಇಲ್ಲ. ಗೆರೆ ಜಾರಿದ್ರೆ ತಪ್ಪು ಅಂದ್ಕೋಬೇಡಿ. ಜಾರಿದ ಕಡೆಯಿಂದ್ಲೇ ಹೊಸ ವಿನ್ಯಾಸ ಶುರು ಮಾಡಿ" ಎಂದಳು.

ತಪ್ಪೇ ಇಲ್ಲದ ವಿದ್ಯೆ ಅದೆಂಥದು? ನನ್ನ ಪಕ್ಕ ಕೂತ ಹಿರಿಯ ಹೆಂಗಸೊಬ್ಬರ ಸುರುಳಿ ಗೆರೆ ದಾಟುತ್ತಿತ್ತು. "ಅಮ್ಮಾ, ಲೇನ್ ಬಿಟ್ಟು ಹೋಗ್ತಿದೀರಿ!" ಎಂದು ಕೂಗಿದೆ. ಪಾಪ, ಅವರ ಪೆನ್ನು ನೆಲಕ್ಕೆ ಬಿತ್ತು. ನನ್ನ ಹಾಳೆಯಲ್ಲೋ, ಒತ್ತಿದ ಒತ್ತಿಗೆ ತೂತಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಾಳೆ, ಪೆನ್ನು, ಮೇಜು, ಕಿಟಕಿಯ ಬೆಳಕು ಎಲ್ಲವೂ ಡೊಂಕು ಎಂದೆ. ಪ್ರತಿ ತಿರುವಿಗೂ ನನ್ನ ಬಲಗಾಲು ನೆಲಕ್ಕೆ ಧಪ್ಪೆಂದು ಬಡಿಯುತ್ತಿತ್ತು. ಟೀಚರ್ ಬಗ್ಗಿ ಮೇಜಿನ ಕೆಳಗೆ ನೋಡಿ, "ಸಾರ್, ಜಿರಳೆ ಏನಾದ್ರೂ ಇದೆಯಾ?" ಎಂದು ಕೇಳಿದಳು.

ಆದರೂ ಬಿಡಲಿಲ್ಲ. ಮೀನಿನ ಹುರುಪೆಗಳು ಬರಬರುತ್ತಾ ಮೀನಿನವೇ ಎಂಬಂತೆ ಕಾಣತೊಡಗಿದವು. ಅರ್ಧ ಹಾಳೆ ತುಂಬುವ ಹೊತ್ತಿಗೆ ಉಸಿರು ನಿಧಾನವಾಗುತ್ತಿತ್ತು, ನಿಜ. ನಾಲ್ಕು ಹಾಳೆ ಬರೆದ ಮೇಲೆ ನಾನು ಎಂಥ ಶಾಂತಮೂರ್ತಿ ಎಂದರೆ, ಶಾಂತಿಯ ಬಗ್ಗೆ ಸಿಕ್ಕಿದವರಿಗೆಲ್ಲ ಏರುದನಿಯಲ್ಲಿ ಪಾಠ ಹೇಳತೊಡಗಿದೆ.

ಹೆಂಡತಿಯ ಪಾಠ ನನ್ನ ಡ್ರೈವಿಂಗ್ ಸ್ಕೂಲಿನ ಹಳೆಯ ಕಾರಿನಲ್ಲಿ ಶುರುವಾಯಿತು; ಬೇರೆ ಶಿಷ್ಯರಿಗೆ ಹೊಸದು ಇತ್ತು. ಮೊದಲ ದಿನಗಳು ಖಾಲಿ ಮೈದಾನದಲ್ಲಿ. ಕಿರುಚಲಿಲ್ಲ, ದೇವರಾಣೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅವಳು ಬ್ರೇಕಿಗೆ ಕಾಲಿಡುವ ಮುಂಚೆ ನನ್ನ ಕಾಲು ಇಟ್ಟಾಗಿರುತ್ತಿತ್ತು. "ಮುಟ್ಟಿದ್ರಾ?" ಎನ್ನುತ್ತಿದ್ದಳು. "ಛೇ, ಇಲ್ಲಪ್ಪ" ಎನ್ನುತ್ತಿದ್ದೆ. ಕಡೆಗೆ ಒಂದು ದಿನ ನನ್ನ ಹಾಳೆ, ಪೆನ್ನು ತಂದು ತೊಡೆಯ ಮೇಲೆ ಇಟ್ಟಳು. "ನೀವು ರಸ್ತೆ ನೋಡ್ಬೇಡಿ. ತಲೆ ಬಗ್ಗಿಸಿ ಎಲೆ ಬರೀರಿ. ಏನಾದ್ರೂ ಕೇಳ್ಬೇಕು ಅಂದ್ರೆ ನಾನೇ ಕೇಳ್ತೀನಿ."

ಹಾಗೆ ರಸ್ತೆಗಿಳಿದೆವು. ಅವಳು ಓಡಿಸುವುದು, ನಾನು ಎಲೆ ಬರೆಯುವುದು. ನಡುನಡುವೆ ಕಾಲು ತಾನಾಗಿಯೇ ಪೆಡಲಿನ ಮೇಲೆ ಹೋಗುತ್ತಿತ್ತು. ಆದರೆ ಕಾರು ಮೊದಲಿನಂತೆ ಗಕ್ಕನೆ ನಿಲ್ಲುತ್ತಿರಲಿಲ್ಲ. ನೋಡಿದಿರಾ, ಕಲೆ ನನ್ನ ಕಾಲನ್ನೂ ಹಗುರ ಮಾಡಿತು ಎಂದು ನಾನು ಒಳಗೊಳಗೇ ಬೀಗಿದೆ. ಟೀಚರಿಗೂ ಹೇಳಿದೆ. ಅವಳು ಕ್ಲಾಸಿನಲ್ಲಿ ಎಲ್ಲರಿಂದ ಚಪ್ಪಾಳೆ ತಟ್ಟಿಸಿದಳು.

ಆಮೇಲೆ ಏಣಿಯ ಪ್ರಸಂಗ. ಅಂಗಡಿ ಬೀದಿಯ ತಿರುವಿನಲ್ಲಿ ಗೋಡೆಗೆ ಬಣ್ಣ ಬಳಿಯುವ ಪೇಂಟರ್ ಹೆಗಲ ಮೇಲೆ ಏಣಿ ಹೊತ್ತು, ಆಚೀಚೆ ನೋಡದೆ ರಸ್ತೆಗೆ ಇಳಿದ. ನಾನು ತಲೆ ಎತ್ತುವುದಕ್ಕೂ ಏಣಿಯ ತುದಿ ಗಾಜಿನ ಮುಂದೆ ಬರುವುದಕ್ಕೂ ಸರಿಹೋಯಿತು. ಇದ್ದ ಶಕ್ತಿಯೆಲ್ಲ ಹಾಕಿ ಪೆಡಲ್ ಒತ್ತಿದೆ. ಕಾರು ನಿಂತಿತು. ಏಣಿಗೂ ನಮಗೂ ಮೊಳದ ಅಂತರ. ಹಾಳೆಯ ಮೇಲೆ ಪೆನ್ನು ಈ ಮೂಲೆಯಿಂದ ಆ ಮೂಲೆಗೆ ಜಾರಿತ್ತು.

"ಕ್ಷಮಿಸು, ಒತ್ತಿಬಿಟ್ಟೆ" ಎಂದೆ. "ಪ್ರಾಣದ ವಿಷಯ. ಷರತ್ತು ಅಂತ ಕೂತಿದ್ರೆ ಆ ಮನುಷ್ಯ ಏನಾಗ್ತಿದ್ದ?"

ಅವಳು ಹ್ಯಾಂಡ್‌ಬ್ರೇಕ್ ಎಳೆದಳು. ನನ್ನನ್ನು ನೋಡಿ ಸಣ್ಣಗೆ ನಕ್ಕಳು. ನಾನು ಇಳಿದು ಪೇಂಟರಿಗೆ, ಅವನ ಪ್ರಾಣ ಉಳಿದದ್ದು ಯಾರ ಕಾಲಿನಿಂದ ಎಂದು ವಿವರವಾಗಿ ತಿಳಿಸಿದೆ. ಅವನು ಕೈ ಮುಗಿದ. ಕ್ಷೌರದಂಗಡಿಯಲ್ಲಿ ಹೇಳಿದೆ, ಡಾಕ್ಟರಿಗೆ ಹೇಳಿದೆ, ಕ್ಲಾಸಿನಲ್ಲಿ ಆ ಜಾರಿದ ಗೆರೆಯ ಎರಡೂ ಬದಿಗೆ ಎಲೆ ತುಂಬಿ, 'ರಕ್ಷಣೆ' ಎಂದು ಹೆಸರಿಟ್ಟು ಗೋಡೆಗೆ ಅಂಟಿಸಿದೆ. ಪ್ರತಿ ಸಲ ಹೇಳುವಾಗಲೂ ಕಾರಿನ ವೇಗ ಸ್ವಲ್ಪ ಹೆಚ್ಚಾಗುತ್ತಿತ್ತು, ಏಣಿ ಸ್ವಲ್ಪ ಉದ್ದವಾಗುತ್ತಿತ್ತು.

ಲೈಸೆನ್ಸ್ ಪರೀಕ್ಷೆಯ ಹಿಂದಿನ ದಿನ ಹಳೆಯ ಕಾರನ್ನು ಒಮ್ಮೆ ತೋರಿಸಿಬಿಡೋಣ ಎಂದು ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಕೈ ಒರೆಸಿಕೊಳ್ಳುತ್ತಾ ಕೇಳಿದ: "ಗುರುಗಳೇ, ನಿಮ್ಮ ಕಡೆ ಬ್ರೇಕ್ ತಂತಿ ಈಗ್ಲೇ ಜೋಡಿಸ್ಲಾ, ಅಕ್ಕನ ಪರೀಕ್ಷೆ ಆದ್ಮೇಲಾ?"

"ಯಾವ ತಂತಿ?"

ಅವನ ಮುಖದ ಬಣ್ಣ ಇಳಿಯಿತು. "ಮೈದಾನ ಬಿಟ್ಟು ರಸ್ತೆಗೆ ಬರೋ ಮುಂಚೆ ಅಕ್ಕ ಬಂದು ಬಿಚ್ಚಿಸಿದ್ರಲ್ಲ. ನಿಮಗೆ ಗೊತ್ತಿದೆ ಅಂದ್ಕೊಂಡೆ. ಪೆಡಲ್ ಸಡಿಲ ಆದ್ರೆ ನಿಮಗೆ ಬೇಜಾರಾಗುತ್ತೆ ಅಂತ ಒಂದು ಸ್ಪ್ರಿಂಗ್ ಹಾಕಿದೀನಿ. ಒತ್ತಿದ್ರೆ ಚೆನ್ನಾಗಿ ಎದುರು ಒತ್ತುತ್ತೆ."

ಬಗ್ಗಿ ನೋಡಿದೆ. ಚೆನ್ನಾಗಿಯೇ ಎದುರು ಒತ್ತುತ್ತಿತ್ತು. ಅದರ ಹಿಂದೆ ಏನೂ ಇರಲಿಲ್ಲ.

ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನನ್ನದು ಮೀಸೆಯೇ ಮೊದಲು ಮಣ್ಣಿಗೆ ಬಿದ್ದಿತ್ತು. ಮನೆಗೆ ಹೋಗಿ ಕೂಗಾಡೋಣವೆಂದರೆ ಏನೆಂದು ಕೂಗಾಡಲಿ? ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಬ್ರೇಕು ಕೆಲಸ ಮಾಡುತ್ತಿಲ್ಲ ಎಂದೇ? ನನಗೆ ನಿಜವಾಗಿ ನಾಚಿಕೆಯಾಯಿತು. ಬ್ರೇಕ್ ಒತ್ತಿದ್ದು ಅವಳ ಕಾಲು, ಕೈ ಮುಗಿಸಿಕೊಂಡದ್ದು ನಾನು. ಮೆಕ್ಯಾನಿಕ್‌ಗೆ, "ಹಾಗೇ ಇರ್ಲಿ ಬಿಡು" ಎಂದೆ.

ಸಂಜೆ ಕೊನೆಯ ಅಭ್ಯಾಸಕ್ಕೆ ಹೊರಟೆವು. ನಾನು ಹಾಳೆ ತೆರೆದು ತಲೆ ಬಗ್ಗಿಸಿದೆ. ಮೊದಲ ತಿರುವಿನಲ್ಲೇ ಕಾಲು ಪೆಡಲಿಗೆ ಹೋಯಿತು. ಸ್ಪ್ರಿಂಗ್ ಕಿಯ್ ಎಂದಿತು. ಇದು ಇಷ್ಟು ದಿನವೂ ಕಿಯ್ ಎನ್ನುತ್ತಿತ್ತೋ ಏನೋ, ನನ್ನ ಶಾಂತಿಯ ಗದ್ದಲದಲ್ಲಿ ಕೇಳಿಸಿರಲಿಲ್ಲ.

"ಯಾಕೆ ಬಿಚ್ಚಿಸಿದೆ?" ಎಂದೆ, ಹಾಳೆಯಿಂದ ತಲೆ ಎತ್ತದೆ.

ಅವಳಿಗೆ ಅರ್ಥವಾಯಿತು. ಗೇರ್ ಇಳಿಸಿದಳು. "ಮೈದಾನದಲ್ಲಿ ಗಾಡಿ ನಿಂತಾಗೆಲ್ಲ, ನಿಲ್ಸಿದ್ದು ನಾನೋ ನೀವೋ ಅಂತ ನನಗೇ ಗೊತ್ತಾಗ್ತಿರ್ಲಿಲ್ಲ ರೀ. ನಾಳೆ ಒಬ್ಳೇ ಹೋಗ್ಬೇಕಾದವಳಿಗೆ ಅದು ಗೊತ್ತಿರ್ಬೇಡ್ವಾ?"

ನಾನು ಇನ್ನೊಂದು ಎಲೆ ಬರೆದೆ.

ಅಂಗಡಿ ಬೀದಿಯ ತಿರುವಿಗೆ ಬಂದಾಗ ಅದೇ ಪೇಂಟರ್ ಏಣಿ ಗೋಡೆಗೆ ಒರಗಿಸಿ ನಿಂತಿದ್ದ. ನಮ್ಮ ಕಾರು ಕಂಡು ಓಡಿಬಂದು ನನ್ನ ಕಿಟಕಿಗೆ ಬಗ್ಗಿದ. ಅವಳು ಬದಿಗೆ ತೆಗೆದು ಮೆತ್ತಗೆ ನಿಲ್ಲಿಸಿದಳು, ಎಂಜಿನ್ ಓಡುತ್ತಲೇ ಇತ್ತು.

"ನಮಸ್ಕಾರ ಸಾರ್. ಮನೇಲಿ ನಿಮ್ಮ ವಿಷ್ಯ ಹೇಳ್ತಾ ಇರ್ತೀನಿ. ಅವತ್ತು ನೀವು ಬ್ರೇಕ್ ಹಾಕ್ದೆ ಇದ್ದಿದ್ರೆ..."

ನಾಲಿಗೆಯ ತುದಿಗೆ 'ಅಯ್ಯೋ, ಇರ್ಲಿ ಬಿಡಿ' ಎಂಬ ದೊಡ್ಡ ಮನುಷ್ಯರ ಮಾತು ಬಂದಿತ್ತು. ಬಲು ಕಷ್ಟಪಟ್ಟು ನುಂಗಿದೆ.

"ನಾನಲ್ಲಪ್ಪ, ಇವಳು ಹಾಕಿದ್ದು" ಎಂದೆ. "ನನ್ನ ಕಾಲ ಕೆಳಗಿರೋದು ಬರೀ ಸ್ಪ್ರಿಂಗು. ನಾನು ತಲೆ ಬಗ್ಗಿಸಿ ಎಲೆ ಬರೀತಾ ಕೂತಿದ್ದೆ."

ಪೇಂಟರ್ ಒಮ್ಮೆ ನನ್ನನ್ನೂ ಒಮ್ಮೆ ಅವಳನ್ನೂ ನೋಡಿ, ಈ ಸಲ ಸರಿಯಾದ ಕಡೆಗೆ ಕೈ ಮುಗಿದ. ಅವಳೂ ಕೈ ಮುಗಿದು, ಗಡಿಬಿಡಿಯಲ್ಲಿ ಗೇರ್ ಹಾಕಿ ಕ್ಲಚ್ ಫಟ್ಟನೆ ಬಿಟ್ಟಳು. ಕಾರು ಕಪ್ಪೆಯ ಹಾಗೆ ಜಿಗಿದು ಆಫ್ ಆಯಿತು. ನನ್ನ ಪೆನ್ನು ಹಾಳೆಯ ಉದ್ದಕ್ಕೂ ಜಾರಿತು. ಹಿಂದಿದ್ದ ಗಾಡಿಯವನು ಹಾರ್ನ್ ಒತ್ತಿ ಹಿಡಿದ. ಅವಳು ಹೆಗಲು ಬಿಗಿಹಿಡಿದು, ಕಣ್ಣು ಮುಚ್ಚಿ, ನನ್ನ ಕಿರುಚಾಟಕ್ಕೆ ಕಾದಳು. ನಾನು ಆ ಮುಖ ನೋಡಿದೆ. ನನ್ನ ಶಿಷ್ಯರೆಲ್ಲ ಹೀಗೇ ಕಾಯುತ್ತಿದ್ದರು; ನಾನು ಯಾವತ್ತೂ ರಸ್ತೆ ಬಿಟ್ಟು ಅವರ ಮುಖ ನೋಡಿದವನಲ್ಲ.

ಜಾರಿದ ಗೆರೆಯ ತುದಿಯಿಂದ ಒಂದು ಎಲೆ ಶುರು ಮಾಡಿದೆ.

"ಪರವಾಗಿಲ್ಲ" ಎಂದೆ. "ನಿಧಾನ. ಮತ್ತೆ ಸ್ಟಾರ್ಟ್ ಮಾಡು."

ಅವಳು ಒಂದು ಕಣ್ಣು ತೆರೆದು ನನ್ನ ಕಡೆ ನೋಡಿ, ಕೀ ತಿರುಗಿಸಿದಳು.