ಕಲ್ಲುಮಂಚದ ನಿದ್ದೆ

ಅಮ್ಮ ತೀರಿಕೊಂಡ ಮೇಲೆ ಅಕ್ಕನಿಗೆ ನಿದ್ದೆ ಬರುವುದೇ ನಿಂತುಹೋಯಿತು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅಮ್ಮನನ್ನು ನೋಡಿಕೊಂಡವಳು ಅವಳೇ. ಅವಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ ಇತ್ತು. ಗಿರಾಕಿಯ ಸೊಂಟದ ಅಳತೆ ತೆಗೆಯುವಾಗಲೂ ಅಕ್ಕನ ಒಂದು ಕಿವಿ ಪರದೆಯ ಆಚೆಗೇ. ರಾತ್ರಿ ಅಮ್ಮ ಬಾಯಿ ತೆರೆದು ಕರೆಯುವುದಕ್ಕೂ ಮೊದಲು, ಕರೆಯಲೆಂದು ಎಳೆದುಕೊಂಡ ಉಸಿರಿಗೇ “ಬಂದೆ” ಎಂದು ಎದ್ದು ಕೂರುತ್ತಿದ್ದಳು. ಈಗ ಮಂಚ ಖಾಲಿ. ಕಿವಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಬಿಸಿ ಹಾಲು ಕುಡಿದಳು, ಮಾತ್ರೆ ನುಂಗಿದಳು. ಕಣ್ಣು ಮುಚ್ಚಿದರೆ ಕಿವಿ ತೆರೆದುಕೊಳ್ಳುತ್ತಿತ್ತು. ಕಡೆಗೊಂದು ದಿನ ಯಾರದೋ ಪ್ಯಾಂಟಿನ ಎರಡು ಕಾಲುಗಳನ್ನೂ ಸೇರಿಸಿ ಹೊಲಿದುಬಿಟ್ಟಳು. ಗಿರಾಕಿ ನಕ್ಕ, ಇವಳು ಗಳಗಳನೆ ಅತ್ತಳು.

ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಸುದ್ದಿ ಕೇಳಿದವಳೇ ರಜೆ ಹಾಕಿ ಬಂದಳು.

“ನಡಿ ಅಕ್ಕ, ಬಂಡೆಮಠಕ್ಕೆ ಹೋಗ್ಬರೋಣ. ಚಿಕ್ಕವರಿದ್ದಾಗ ಬಸ್ಸಿಂದ ಕಾಣ್ತಿತ್ತಲ್ಲ, ಬೆಟ್ಟದ ಮೈ ತುಂಬ ತೂತು! ಒಂದ್ಸಲನೂ ಇಳಿದು ನೋಡ್ಲಿಲ್ಲ ನಾವು.”

“ಕಲ್ಲು ನೋಡಕ್ಕೆ ಅಷ್ಟು ದೂರ ಯಾಕೆ? ನಿನ್ನ ತಲೆ ಇದೆಯಲ್ಲ.”

“ನನ್ನ ತಲೇಲಿ ಕೆತ್ತನೆ ಇಲ್ಲ. ಚಪ್ಪಲಿ ಹಾಕ್ಕೋ.”

ಅವರು ಬಸ್ಸಿಳಿದಾಗ ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಅದರಾಚೆ ಬಂಡೆಗೋಡೆ ಬುಡವಿಲ್ಲದೆ ತೇಲುತ್ತಿರುವಂತೆ ಕಂಡಿತು. ಅದರ ಮೈಯಲ್ಲಿ ಸಾಲುಸಾಲು ಕಿಟಕಿ, ಬಾಗಿಲು, ಮೊಗಸಾಲೆಗಳು. ಯಾವುದೋ ಕಾಲದ ಸನ್ಯಾಸಿಗಳು ಉಳಿ ಸುತ್ತಿಗೆ ಹಿಡಿದು, ಬೆಟ್ಟದ ಒಳಗಿಂದ ಬೆಟ್ಟವನ್ನೇ ತೆಗೆದು, ಉಳಿದ ಬಯಲಿನಲ್ಲಿ ಬದುಕಿದ್ದರು. ಮೆಟ್ಟಿಲುಗಳ ನಡು ಸವೆದು ದೋಣಿಯಂತಾಗಿತ್ತು. ಅಕ್ಕ ಕಂಬಿ ಹಿಡಿದು ಹತ್ತಿದಳು. ನಿದ್ದೆಗೆಟ್ಟ ಕಣ್ಣಿಗೆ ಎಲ್ಲವೂ ನೀರಿನ ಅಡಿಯಲ್ಲಿ ಕಂಡ ಹಾಗೆ ಅಲುಗುತ್ತಿತ್ತು.

ಮೇಲೆ ಕಂಬಗಳ ದೊಡ್ಡ ಪಡಸಾಲೆ. ಒಂದು ಮೂಲೆಯಲ್ಲಿ ಕಾವಲಿನ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ. ತಂಗಿ ಕೆಮ್ಮಿದರೆ ಕೆಮ್ಮು ಕಂಬದಿಂದ ಕಂಬಕ್ಕೆ ಹಾರಿ, ಸುತ್ತಿ ಅವಳ ಬೆನ್ನ ಹಿಂದೆಯೇ ಬಂದು ನಿಂತಿತು. ಪಡಸಾಲೆಯ ಎರಡೂ ಬದಿಗೆ ಸಣ್ಣ ಸಣ್ಣ ಕೋಣೆಗಳು. ಒಂದೊಂದರಲ್ಲೂ ಬಂಡೆಯಲ್ಲೇ ಕಡೆದ ಒಂದು ಮಂಚ, ತಲೆಯ ಕಡೆ ಕೊಂಚ ಎತ್ತರ, ಅದೇ ದಿಂಬು.

ಕೊನೆಯ ಕೋಣೆಯೊಳಗೆ ಅಕ್ಕ ಬಗ್ಗಿ ಹೋದಳು. ಮಂಚದ ಮೇಲೆ ಅಂಗೈ ಆಡಿಸಿದಳು. ಎಷ್ಟೋ ಜನ ಮಲಗಿ ಮಲಗಿ ಕಲ್ಲು ನಡುವೆ ತಗ್ಗಾಗಿತ್ತು.

“ಕಾಲು ನೋಯ್ತಿದೆ, ಒಂದು ಗಳಿಗೆ ಕೂತ್ಕೋತೀನಿ” ಎಂದಳು. ಬುತ್ತಿ ಚೀಲವನ್ನು ಕಾಲ ಬಳಿ ಇಟ್ಟು ಕೂತವಳು ಒರಗಿದಳು. ಆ ತಗ್ಗು ಅವಳ ಭುಜಕ್ಕೆ, ಸೊಂಟಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. “ಅಳತೆ ಸರಿಯಾಗಿದೆ ಕಣೇ...” ಎಂದದ್ದಷ್ಟೇ. ಉಸಿರು ನಿಧಾನವಾಯಿತು, ಮುಷ್ಟಿ ಸಡಿಲಾಯಿತು.

ತಂಗಿ ಗಾಬರಿಯಿಂದ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು. ಅಕ್ಕ ಸಣ್ಣಗೆ ಗೊರಕೆ ಹೊಡೆದಳು.

ಅಷ್ಟರಲ್ಲಿ ಕಾವಲಿನ ಮುದುಕ ಬಂದ. “ಏಳ್ಸಮ್ಮ, ಇಲ್ಲಿ ಮಲಗಂಗಿಲ್ಲ. ಬೋರ್ಡ್ ನೋಡ್ಲಿಲ್ವಾ?”

ತಂಗಿ ಬಾಗಿಲಿಗೆ ಅಡ್ಡ ನಿಂತು ಪಿಸುಗುಟ್ಟಿದಳು: “ಯಜಮಾನ್ರೇ, ಅಮ್ಮ ಹೋದ್ಮೇಲೆ ಇವಳು ಕಣ್ಣು ಮುಚ್ಚಿಲ್ಲ. ಡಾಕ್ಟ್ರ ಕೈಲೂ ಆಗ್ಲಿಲ್ಲ. ದಮ್ಮಯ್ಯ, ಸ್ವಲ್ಪ ಹೊತ್ತು.”

ಮುದುಕ ಅವಳ ತಲೆಯ ಮೇಲಿಂದ ಇಣುಕಿದ. “ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಚಿಂತೆ ಇರೋರಿಗೆ ಕಲ್ಲಾದ್ರೂ ಬೇಕಲ್ಲ ಪಾಪ” ಎಂದ. ಆಮೇಲೆ ಗತ್ತು ಬಿಡದೆ, “ನಾನು ನೋಡಿಲ್ಲ. ನೋಡಿದ್ರೆ ಏಳಿಸ್ತಿದ್ದೆ” ಎಂದು ತನ್ನ ಕುರ್ಚಿಗೆ ಮರಳಿದ.

ತಂಗಿ ಹೊಸ್ತಿಲ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಕ್ಯಾಮೆರಾ ನೇತುಹಾಕಿಕೊಂಡ ಒಬ್ಬಾತ ಕತ್ತಲೊಳಗೆ ದಿಟ್ಟಿಸಿ, “ಮಲಗಿರೋ ಮೂರ್ತಿ! ಯಾವ ಕಾಲದ್ದು?” ಎಂದು ಕೇಳಿದ.

“ನನಗಿಂತ ನಾಲ್ಕು ವರ್ಷ ಹಳೇದು. ಫೋಟೋ ತೆಗೀಬೇಡಿ, ಎದ್ರೆ ಬಯ್ಯುತ್ತೆ” ಎಂದಳು ತಂಗಿ.

ಒಳಗೆ ಅಕ್ಕ ಬೇರೆಲ್ಲೋ ಇದ್ದಳು. ಬಂಡೆ ಅವಳ ಸುತ್ತ ಬಟ್ಟೆಯಷ್ಟು ಮೆದುವಾಗಿತ್ತು. ತಲೆ ಬೋಳಿಸಿದ ಸನ್ಯಾಸಿಗಳು ಸಾಲಾಗಿ ಕೂತು ಬೆಟ್ಟದ ಅಂಚು ಮಡಿಸುತ್ತಿದ್ದರು. ಒಬ್ಬ ಇವಳ ಮೊಣಕೈಯನ್ನು ಮೆಲ್ಲಗೆ ಸರಿಸಿ, ಅದರಡಿ ಸಿಕ್ಕಿಕೊಂಡಿದ್ದ ನದಿಯನ್ನು ಬಿಡಿಸಿಕೊಂಡ. ಕಿಟಕಿಯ ಮೇಲೆ ಒಬ್ಬ ಹುಡುಗಿ ಕಾಲು ಇಳಿಬಿಟ್ಟು ಕೂತಿದ್ದಳು. ಅದು ಅಮ್ಮ ಎಂದು ಅಕ್ಕನಿಗೆ ಗೊತ್ತಾಯಿತು. ನೀರು ಬೇಕಾ, ಮಗ್ಗುಲು ಬದಲಿಸಲಾ ಎಂದು ಕೇಳಹೋದಳು. ಹುಡುಗಿ ಇತ್ತ ತಿರುಗಲೇ ಇಲ್ಲ. ಕಾಲಾಡಿಸುತ್ತ ಬಿಸಿಲು ನೋಡುತ್ತಿದ್ದಳು. ಅವಳಿಗೆ ಏನೂ ಬೇಕಾಗಿರಲಿಲ್ಲ.

ಮಧ್ಯಾಹ್ನ ಕಳೆದಿತ್ತು. ಪಡಸಾಲೆಯಲ್ಲಿ ಯಾವುದೋ ಮಗು ತಾಯಿಯ ಕೈತಪ್ಪಿ ಕಂಬಗಳ ನಡುವೆ ಒಂಟಿಯಾಯಿತು. ಹೆದರಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿತು: “ಅಮ್ಮಾ!”

ಆ ಒಂದು ಕೂಗು ನೂರಾಯಿತು. ಕಂಬಗಳು ಕೂಗಿದವು, ಚಾವಣಿ ಕೂಗಿತು, ಖಾಲಿ ಕೋಣೆಗಳೆಲ್ಲ ಒಂದಾದ ಮೇಲೊಂದು ಅಮ್ಮನನ್ನು ಕರೆದವು. ಮುಗೀತು, ಇನ್ನು ಎದ್ದಳು ಎಂದುಕೊಂಡು ತಂಗಿ ಒಳಗೆ ತಿರುಗಿದಳು.

ಅಕ್ಕನ ಹುಬ್ಬು ಗಂಟಿಕ್ಕಿತು. “ಬಂದೆ” ಎಂದಳು, ನಿದ್ದೆಯಲ್ಲೇ. ಒಂದು ಕೈ ಮೇಲೆದ್ದು, ಗಾಳಿಯಲ್ಲಿ ಹೊದಿಕೆಯನ್ನೋ ಏನನ್ನೋ ತಡಕಿತು. ಆಮೇಲೆ ಆ ಕೈ ನಿಧಾನವಾಗಿ ಇಳಿದು ಅವಳ ಕೆನ್ನೆಯ ಕೆಳಗೆ ಸೇರಿಕೊಂಡಿತು. ಅಕ್ಕ ಗೋಡೆಯ ಕಡೆ ಹೊರಳಿ ಮತ್ತೆ ಮಲಗಿದಳು.

ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಮ್ಮ ಹೋದ ದಿನ ನೂರೆಂಟು ಓಡಾಟದಲ್ಲಿ ಅವಳು ಅತ್ತಿರಲಿಲ್ಲ. ಈಗ ಅಳು ತಾನಾಗಿ ಹರಿಯಿತು. ಆ ಕಡೆ ಮಗುವಿನ ತಾಯಿ ಓಡಿಬಂದು ಅದನ್ನು ಬಾಚಿ ಎತ್ತಿಕೊಂಡಳು. ಕಾವಲಿನ ಮುದುಕ ಕುರ್ಚಿಯಿಂದ ಎದ್ದವನು, ತಂಗಿಯ ಮುಖ ನೋಡಿ ಹಾಗೇ ಕೂತುಕೊಂಡ.

ಬಾಗಿಲು ಹಾಕುವ ಹೊತ್ತಿಗೆ ಅಕ್ಕ ತಾನೇ ಎದ್ದಳು. ಕೆನ್ನೆಯ ಮೇಲೆ ಉಳಿಯ ಗೀರುಗಳು ಸಾಲಾಗಿ ಅಚ್ಚಾಗಿದ್ದವು. ಎಲ್ಲಿದ್ದೇನೆ ಎಂದು ತಿಳಿಯದೆ ಸುತ್ತ ನೋಡಿದಳು.

“ಯಾರಾದ್ರೂ ಕರೆದ್ರಾ?”

“ಹೂಂ. ಒಂದು ಮಗು. ಅದರಮ್ಮ ಬಂದ್ಲು.”

“ಬಂದ್ಲಾ? ಸರಿ ಬಿಡು.” ಅಕ್ಕ ಆಕಳಿಸಿದಳು. “ನೀನ್ಯಾಕೆ ಅತ್ತಿದೀಯ?”

“ಹೊಟ್ಟೆ ಹಸಿವು. ಬುತ್ತಿ ಚೀಲ ನಿನ್ನ ಕಾಲಡಿ ಇಟ್ಕೊಂಡು ಕುಂಭಕರ್ಣನ ಥರ ಮಲಗಿದ್ದೆ, ನಾನೇನು ಕಲ್ಲು ತಿನ್ಲಾ?”

ಕೆಳಗಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಸಂಜೆಯ ಬಿಸಿಲಿಗೆ ಬಂಡೆ ಒಳಗಿಂದಲೇ ಬೆಳಗಿದಂತಿತ್ತು. ಸಣ್ಣ ಹಕ್ಕಿಗಳು ಗುಂಪಾಗಿ ಬಂದು ಒಂದೊಂದು ಕಿಟಕಿಯೊಳಗೆ ಒಂದೊಂದಾಗಿ ಸೇರಿಕೊಂಡವು. ಅಕ್ಕ ಕನಸನ್ನು ಹೇಳತೊಡಗಿದಳು. ಅರ್ಧ ಮರೆತಿತ್ತು. ಮರೆತದ್ದನ್ನು ಇಬ್ಬರೂ ಸೇರಿ ಕಟ್ಟಿದರು.

ಅಂದಿನಿಂದ ಅಕ್ಕನಿಗೆ ದಿನವೂ ನಿದ್ದೆ ಬಂತೆಂದಲ್ಲ. ಕೆಲವು ರಾತ್ರಿ ಕಿವಿ ಹಳೆಯ ಚಾಳಿ ಬಿಡಲಿಲ್ಲ. ಆದರೆ ಹಿಂದಿನ ಕೋಣೆಯ ಕಿಟಕಿ ತೆರೆದಳು, ಅಮ್ಮನ ಮಂಚವನ್ನು ಬಿಸಿಲಿಗೆ ಹಾಕಿ ಒರೆಸಿ, ತಾನೇ ಅದರ ಮೇಲೆ ಮಲಗತೊಡಗಿದಳು.

ಒಂದು ಬೆಳಿಗ್ಗೆ ತಂಗಿ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜುತ್ತಿದ್ದಾಗ ಅಕ್ಕನ ಫೋನು ಬಂತು.

“ಲೇ, ಗಿರಾಕಿಗಳು ಬಾಗಿಲು ಬಡಿದೂ ಬಡಿದೂ ಸಾಕಾಗಿ ಪಕ್ಕದ ಮನೆಯವರನ್ನ ಕರೆದಿದಾರೆ. ನಂಗೆ ಗೊತ್ತೇ ಆಗ್ಲಿಲ್ಲ ಕಣೇ!”

“ಅಯ್ಯೋ. ಬಯ್ದ್ರಾ?”

“ಬಯ್ದ್ರು” ಎಂದಳು ಅಕ್ಕ. ಹಬ್ಬದೂಟ ಮಾಡಿದವಳ ದನಿಯಿತ್ತು ಅದರಲ್ಲಿ. “ಚೆನ್ನಾಗಿ ಬಯ್ದ್ರು.”